ಎರಡು ಸೂರ್ಯರ ಊರು, ಬೆಳಕಿನ ವೇಗ: ಖಗೋಳ ವಿಜ್ಞಾನಿಯ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಜೋಡಿ ನಕ್ಷತ್ರಗಳ ಬೆಳಕಿನ ಏರಿಳಿತ ಅಳೆಯುವುದು ನನ್ನ ಕೆಲಸ. ಅಡ್ಮಿನ್ ಕೇಳಿದರು ಅಂತ ಈ ಭಾನುವಾರ ಇಲ್ಲಿ ಕೂತಿದ್ದೇನೆ. ಏನು ಬೇಕಾದರೂ ಕೇಳಿ. ಜಾತಕ, ರಾಶಿಫಲ ಮಾತ್ರ ಬೇಡ, ಅದು ನನ್ನ ಇಲಾಖೆ ಅಲ್ಲ.

ಪ್ರಶ್ನೆ: ಮೇಡಂ, ಮಗಳು ಎಂಟನೇ ಕ್ಲಾಸು. ಎರಡು ಸೂರ್ಯ ಇರುವ ಗ್ರಹ ನಿಜವಾಗ್ಲೂ ಇದೆಯಾ ಅಂತ ಕೇಳ್ತಿದ್ದಾಳೆ. ಇದ್ದರೆ ಅಲ್ಲಿ ಎರಡು ಸಲ ಬೆಳಗಾಗುತ್ತಾ?

ಉತ್ತರ: ಇದೆ ಅಂತ ಹೇಳಿ. ಕೆಪ್ಲರ್-16ಬಿ ಅಂತ ಅದರ ಹೆಸರು. 2011ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ನಮ್ಮಿಂದ ಸುಮಾರು 245 ಜ್ಯೋತಿರ್ವರ್ಷ ದೂರ. ಅಲ್ಲಿ ಎರಡು ನಕ್ಷತ್ರಗಳು 41 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಈ ಗ್ರಹ ಎರಡನ್ನೂ ಸೇರಿಸಿ 229 ದಿನಕ್ಕೊಂದು ಸುತ್ತು ಹಾಕುತ್ತದೆ.

ಬೆಳಗಾಗುವ ಲೆಕ್ಕ ಮಾಡೋಣ. ಎರಡು ನಕ್ಷತ್ರಗಳ ನಡುವಿನ ದೂರ, ಗ್ರಹದ ದೂರ ಎರಡೂ ಗೊತ್ತಿವೆ. ಹಾಗಾಗಿ ಅಲ್ಲಿನ ಆಕಾಶದಲ್ಲಿ ಎರಡು ಸೂರ್ಯರ ಮಧ್ಯೆ ಜಾಸ್ತಿ ಎಂದರೆ ಸುಮಾರು 18 ಡಿಗ್ರಿ ಅಂತರ ಬರುತ್ತದೆ. ಗ್ರಹ ಭೂಮಿಯಷ್ಟೇ ವೇಗವಾಗಿ ತನ್ನ ಸುತ್ತ ತಿರುಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಸೂರ್ಯ ಹುಟ್ಟಿ ಒಂದು ಗಂಟೆ ಚಿಲ್ಲರೆ ಕಳೆದ ಮೇಲೆ ಇನ್ನೊಂದು ಹುಟ್ಟುತ್ತದೆ. ಕೆಲವು ದಿನ ಎರಡೂ ಒಟ್ಟಿಗೇ ಬರುತ್ತವೆ. ದೊಡ್ಡದು ನಮ್ಮ ಸೂರ್ಯನಷ್ಟೇ ಅಗಲ ಕಾಣುತ್ತದೆ. ಚಿಕ್ಕದು ಅದರ ಮೂರನೇ ಒಂದು ಭಾಗ ಅಗಲ, ಕೆಂಪು ಬಣ್ಣ, ಬೆಳಕು ತೀರಾ ಕಡಿಮೆ. ಚಿಕ್ಕದು ಮೊದಲು ಹುಟ್ಟಿದ ದಿನ ಮಂಕು ಬೆಳಗು, ಆಮೇಲೆ ಸರಿಯಾದ ಬೆಳಗು.

ಇನ್ನೊಂದು ಮಾತು ಮಗಳಿಗೆ ಹೇಳಿ. 2019ರಲ್ಲಿ ನಾಸಾದಲ್ಲಿ ಇಂಟರ್ನ್ ಆಗಿದ್ದ 17 ವರ್ಷದ ಹುಡುಗ, ಟೆಸ್ ದೂರದರ್ಶಕದ ಮಾಹಿತಿ ನೋಡುತ್ತಾ ಇಂಥದ್ದೇ ಇನ್ನೊಂದು ಗ್ರಹದ ಸುಳಿವು ಹಿಡಿದ. ಅದು ಟಿಒಐ-1338ಬಿ. ಅಂದಹಾಗೆ, ವಾಟ್ಸಾಪ್‌ನಲ್ಲಿ ಬರುವ ಇಂಥ ಗ್ರಹಗಳ 'ಫೋಟೋ' ಎಲ್ಲ ಕಲಾವಿದರು ಮಾಡಿದ ಚಿತ್ರಗಳು. ನಮ್ಮ ಕೈಯಲ್ಲಿರುವುದು ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಕುಗ್ಗುವುದನ್ನು ತೋರಿಸುವ ಗ್ರಾಫ್ ಮಾತ್ರ.

ಪ್ರಶ್ನೆ: ಅಲ್ಲಿ ಬದುಕೋಕೆ ಆಗುತ್ತಾ ಅನ್ನೋದು ಮುಖ್ಯ ಅಲ್ವಾ ಮೇಡಂ? ಎರಡು ಸೂರ್ಯ ಅಂದ್ರೆ ಸುಟ್ಟು ಹೋಗಲ್ವಾ?

ಉತ್ತರ: ಉಲ್ಟಾ. ಕೆಪ್ಲರ್-16ಬಿಗೆ ಸಿಗುವ ಬಿಸಿಲು ನಮಗೆ ಸಿಗುವುದರ ಮೂರನೇ ಒಂದು ಭಾಗವೂ ಕಷ್ಟ. ಎರಡೂ ನಕ್ಷತ್ರಗಳು ನಮ್ಮ ಸೂರ್ಯನಿಗಿಂತ ಚಿಕ್ಕವು. ಹೆಪ್ಪುಗಟ್ಟುವ ಚಳಿ. ಮೇಲಾಗಿ ಅದು ಹೆಚ್ಚುಕಡಿಮೆ ಶನಿಯಷ್ಟು ದೊಡ್ಡ ಗ್ರಹ, ಕಾಲಿಡೋಕೆ ನೆಲ ಇಲ್ಲ.

ಕೆಪ್ಲರ್-47 ಎಂಬ ಜೋಡಿಗೆ ಮೂರು ಗ್ರಹಗಳಿವೆ. ಅದರಲ್ಲಿ ಒಂದು, ನೀರು ದ್ರವವಾಗಿ ಇರಬಹುದಾದ ದೂರದಲ್ಲೇ ಇದೆ. ಆದರೆ ಅದು ನೆಪ್ಚೂನ್‌ಗಿಂತ ದೊಡ್ಡದು. ಎರಡು ಸೂರ್ಯರನ್ನೂ ಸುತ್ತುವ, ಭೂಮಿಯಷ್ಟು ಚಿಕ್ಕ ಗ್ರಹ ಇನ್ನೂ ಸಿಕ್ಕಿಲ್ಲ.

ಯಾಕೆ ಸಿಕ್ಕಿಲ್ಲ ಅನ್ನೋದು ನನ್ನ ಕೆಲಸದ ತಲೆನೋವು, ಸ್ವಲ್ಪ ಕೇಳಿಸಿಕೊಳ್ಳಿ. ದೂರದಿಂದ ನೋಡಿದರೆ, ಭೂಮಿ ಸೂರ್ಯನ ಮುಂದೆ ಹಾದಾಗ ಸೂರ್ಯನ ಬೆಳಕು ಹತ್ತು ಲಕ್ಷದಲ್ಲಿ 84 ಪಾಲು ಮಾತ್ರ ಕಡಿಮೆಯಾಗುತ್ತದೆ. ಒಂದು ಸಲ ನೋಡಿದರೆ ಗೊತ್ತೇ ಆಗಲ್ಲ. ಆದರೆ ಗ್ರಹ ಗಡಿಯಾರದ ಹಾಗೆ ಸರಿಯಾದ ಸಮಯಕ್ಕೆ ಬರುವುದರಿಂದ ಹತ್ತಾರು ಸಲದ ಅಳತೆ ಒಟ್ಟು ಸೇರಿಸಿ ಹಿಡಿಯುತ್ತೇವೆ. ಜೋಡಿ ನಕ್ಷತ್ರದಲ್ಲಿ ಈ ಉಪಾಯ ಕೈ ಕೊಡುತ್ತದೆ. ಗ್ರಹ ಬರುವಷ್ಟರಲ್ಲಿ ನಕ್ಷತ್ರವೇ ಜಾಗ ಬಿಟ್ಟು ಸರಿದಿರುತ್ತದೆ. ಒಮ್ಮೆ ದಿನಗಟ್ಟಲೆ ಬೇಗ, ಒಮ್ಮೆ ದಿನಗಟ್ಟಲೆ ತಡ. ಇದರ ಮೇಲೆ ನಕ್ಷತ್ರಗಳು ಒಂದಕ್ಕೊಂದು ಹಿಡಿಸುವ ಗ್ರಹಣ ಬೇರೆ. ಚಿಕ್ಕ ಗ್ರಹ ಅಲ್ಲೇ ಇದ್ದರೂ ಈ ಗಲಾಟೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ 'ಸಿಕ್ಕಿಲ್ಲ' ಎಂದರೆ 'ಇಲ್ಲ' ಎಂದು ಓದಬೇಡಿ.

ಪ್ರಶ್ನೆ: ಎರಡು ನಕ್ಷತ್ರ ಎಳೆದಾಡಿದ್ರೆ ಗ್ರಹ ಹಾರಿ ಹೋಗಲ್ವಾ?

ಉತ್ತರ: ನಡುವೆ ಸಿಕ್ಕಿಕೊಂಡರೆ ಖಂಡಿತ ಹೋಗುತ್ತದೆ. ಉಳಿಯೋಕೆ ಎರಡು ದಾರಿ. ಎರಡು ನಕ್ಷತ್ರಗಳ ನಡುವಿನ ದೂರದ ಸುಮಾರು ಮೂರು ಪಟ್ಟು ಆಚೆ ನಿಂತು ಎರಡನ್ನೂ ಸುತ್ತಬೇಕು. ಕೆಪ್ಲರ್-16ಬಿ ಹೆಚ್ಚುಕಡಿಮೆ ಆ ಗಡಿಯಲ್ಲೇ ಇದೆ. ಇಲ್ಲವೇ ಒಂದೇ ನಕ್ಷತ್ರಕ್ಕೆ ಅಂಟಿಕೊಂಡು, ಇನ್ನೊಂದರಿಂದ ದೂರ ಇರಬೇಕು.

ನನಗೆ ಎರಡನೆಯದರ ಮೇಲೇ ಆಸೆ ಜಾಸ್ತಿ. ನಮ್ಮ ಹತ್ತಿರದ ಆಲ್ಫಾ ಸೆಂಟಾರಿ ನೋಡಿ. ಎ ಮತ್ತು ಬಿ ಎಂಬ ಎರಡು ನಕ್ಷತ್ರಗಳು ಸುಮಾರು 80 ವರ್ಷಕ್ಕೊಮ್ಮೆ ಪರಸ್ಪರ ಸುತ್ತುತ್ತವೆ. ಅವುಗಳ ನಡುವಿನ ದೂರ, ಭೂಮಿ-ಸೂರ್ಯ ದೂರದ 11 ಪಟ್ಟಿನಿಂದ 36 ಪಟ್ಟಿನವರೆಗೆ ಬದಲಾಗುತ್ತದೆ. ಎ ಸುತ್ತ, ನಮ್ಮಷ್ಟೇ ದೂರದಲ್ಲಿ ಒಂದು ಗ್ರಹ ಇದ್ದರೆ ಅದರ ಹಾದಿ ಕೆಡುವುದಿಲ್ಲ. ಹಗಲಿನ ಬಿಸಿಗೆ ಬಿ ಸೇರಿಸುವುದು ಶೇ. 0.5ಕ್ಕಿಂತ ಕಡಿಮೆ. ಆದರೆ ರಾತ್ರಿ? ದೂರಕ್ಕೆ ತಕ್ಕಂತೆ ಬಿ ನಮ್ಮ ಹುಣ್ಣಿಮೆ ಚಂದ್ರನಿಗಿಂತ ನೂರೈವತ್ತರಿಂದ ಸಾವಿರದೈನೂರು ಪಟ್ಟು ಬೆಳಗುತ್ತದೆ, ಅದೂ ಚುಕ್ಕಿಯಷ್ಟೇ ಗಾತ್ರದಲ್ಲಿ. ಮನೆ ಹೊರಗೆ ಕೂತು ಆರಾಮಾಗಿ ಪುಸ್ತಕ ಓದಬಹುದು. ವರ್ಷದ ಇನ್ನೊಂದು ಭಾಗದಲ್ಲಿ ಬಿ ಹಗಲಿನ ಕಡೆ ಸರಿಯುತ್ತದೆ, ಆಗ ಕತ್ತಲ ರಾತ್ರಿ. ಅಲ್ಲಿ ನಿಶಾಚರ ಪ್ರಾಣಿಗಳಿದ್ದರೆ ಅವುಗಳ ಪಾಡು ಕಷ್ಟ!

ಪ್ರಶ್ನೆ: ಸರಿ, ಹೋಗೋದು ಹೇಗೆ? ನಾನು ಬಿಎಸ್‌ಸಿ ಓದ್ತಿದ್ದೀನಿ. ಎಂಜಿನ್ ಆಫ್ ಮಾಡದೆ ತಳ್ತಾನೇ ಇದ್ರೆ ಯಾವತ್ತಾದ್ರೂ ಬೆಳಕಿನ ವೇಗ ದಾಟಲೇಬೇಕಲ್ಲ?

ಉತ್ತರ: ತಳ್ಳಿ ನೋಡಿದ್ದಾರೆ. ಜಿನೀವಾ ಹತ್ತಿರದ ಎಲ್‌ಎಚ್‌ಸಿ ಎಂಬ, ಕಣಗಳನ್ನು ಭಾರೀ ವೇಗದಲ್ಲಿ ಓಡಿಸುವ ಯಂತ್ರದೊಳಗೆ ಪ್ರೋಟಾನ್‌ಗಳು ಬಂದು ಸೇರುವಾಗಲೇ ಬೆಳಕಿಗಿಂತ ಸೆಕೆಂಡಿಗೆ ಸುಮಾರು 650 ಮೀಟರ್ ಅಷ್ಟೇ ಹಿಂದೆ ಇರುತ್ತವೆ. ಅಲ್ಲಿಂದ ಅವುಗಳ ಶಕ್ತಿಯನ್ನು 15 ಪಟ್ಟು ಏರಿಸುತ್ತಾರೆ. ಆಮೇಲೂ ಸೆಕೆಂಡಿಗೆ ಸುಮಾರು 3 ಮೀಟರ್ ಹಿಂದೆಯೇ. ಬೆಳಕಿನ ವೇಗ ಸೆಕೆಂಡಿಗೆ 2,99,792 ಕಿಲೋಮೀಟರ್. ಆ ಕೊನೆಯ 3 ಮೀಟರ್ ದಾಟೋಕೆ ಎಷ್ಟು ಶಕ್ತಿ ಸುರಿದರೂ ಸಾಲದು.

ಪ್ರಶ್ನೆ: 2011ರಲ್ಲಿ ನ್ಯೂಟ್ರಿನೋ ಅನ್ನೋ ಕಣ ಬೆಳಕಿನ ವೇಗ ದಾಟಿತ್ತು ಅಂತ ಪೇಪರ್‌ನಲ್ಲಿ ಬಂದಿತ್ತಲ್ಲ? ವಾರ್ಪ್ ಡ್ರೈವ್ ಕಥೆ ಏನು?

ಉತ್ತರ: ನ್ಯೂಟ್ರಿನೋ ದಾಟಿರಲಿಲ್ಲ. ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ, ಅದರಿಂದ ಸಮಯದ ಲೆಕ್ಕ ತಪ್ಪಿತ್ತು. ಮುಂದಿನ ವರ್ಷ ಆ ಪ್ರಯೋಗ ಮಾಡಿದ ತಂಡವೇ ತಿದ್ದಿಕೊಂಡಿತು. ವಾರ್ಪ್ ಡ್ರೈವ್, ಅಂದರೆ ಹಡಗಿನ ಸುತ್ತಲಿನ ಜಾಗವನ್ನೇ ಬಾಗಿಸಿ ಬೆಳಕಿಗಿಂತ ಬೇಗ ಹೋಗುವ ಉಪಾಯ, 1994ರಲ್ಲಿ ಭೌತವಿಜ್ಞಾನಿ ಅಲ್ಕುಬಿಯರೆ ಬರೆದ ಗಣಿತ. ಗಣಿತ ಸರಿ ಇದೆ. ಆದರೆ ಅದಕ್ಕೆ ಬೇಕಾದ ಋಣ ಶಕ್ತಿ (ಸೊನ್ನೆಗಿಂತ ಕಡಿಮೆ ಶಕ್ತಿ) ಅಷ್ಟೊಂದು ಪ್ರಮಾಣದಲ್ಲಿ ಯಾರ ಕೈಗೂ ಸಿಕ್ಕಿಲ್ಲ.

ಪ್ರಶ್ನೆ: ಹಾಗಾದ್ರೆ ಬೇರೆ ನಕ್ಷತ್ರಕ್ಕೆ ಹೋಗೋದು ಕನಸೇ ಅನ್ನಿ.

ಉತ್ತರ: ಅಷ್ಟು ಬೇಗ ಬೇಜಾರಾಗಬೇಡಿ. ಬೆಳಕನ್ನು ದಾಟಲೇಬೇಕು ಅಂತಿಲ್ಲ. ನಮ್ಮ ತಲೆ ಮೇಲೆ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಮ್ಯುಯಾನ್ ಎಂಬ ಕಣಗಳು ಹುಟ್ಟುತ್ತಲೇ ಇರುತ್ತವೆ. ಸರಾಸರಿ ಆಯಸ್ಸು ಸೆಕೆಂಡಿನ ಹತ್ತು ಲಕ್ಷ ಭಾಗದಲ್ಲಿ ಎರಡು ಚಿಲ್ಲರೆ. ಅಷ್ಟರಲ್ಲಿ ಬೆಳಕೂ 660 ಮೀಟರ್ ಮಾತ್ರ ಹೋಗುತ್ತದೆ. ಆದರೂ ಅವು ನೆಲ ಮುಟ್ಟುತ್ತವೆ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ ವಿಜ್ಞಾನಿಗಳು ಅವನ್ನು ಎಣಿಸಿದ್ದರು. ವೇಗವಾಗಿ ಹೋಗುವುದರ ಗಡಿಯಾರ ನಿಧಾನ ಆಗುತ್ತದೆ, ಅದಕ್ಕೇ.

ಮನುಷ್ಯರಿಗೂ ಇದೇ ನಿಯಮ. ಬೆಳಕಿನ ವೇಗದ ಶೇ. 99ರಲ್ಲಿ ಹೋದರೆ 4.24 ಜ್ಯೋತಿರ್ವರ್ಷ ದೂರದ, ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾಕ್ಕೆ ಹಡಗಿನಲ್ಲಿರುವವರ ಗಡಿಯಾರದಲ್ಲಿ ಏಳು ತಿಂಗಳು ಸಾಕು. ಕೆಪ್ಲರ್-16ಕ್ಕೆ 35 ವರ್ಷ. ಆದರೆ ವಾಪಸ್ ಬಂದಾಗ ಇಲ್ಲಿ 500 ವರ್ಷ ಆಗಿರುತ್ತದೆ. ಮನೆಯವರಿಗೆ ಏನು ಹೇಳಿ ಹೊರಡ್ತೀರಿ?

ಖರ್ಚು ಬೇರೆ ಇದೆ. ಒಂದೇ ಒಂದು ಕಿಲೋ ಸಾಮಾನಿಗೆ ಆ ವೇಗ ಕೊಡೋಕೆ ಸುಮಾರು 15,000 ಕೋಟಿ ಯೂನಿಟ್ ಕರೆಂಟಿನಷ್ಟು ಶಕ್ತಿ ಬೇಕು. ಇಡೀ ಕರ್ನಾಟಕ ಒಂದು ವರ್ಷ ಬಳಸುವುದಕ್ಕಿಂತ ಜಾಸ್ತಿ. ಅಲ್ಲಿ ಹೋಗಿ ನಿಲ್ಲಬೇಕಾದರೆ ಬ್ರೇಕಿಗೆ ಮತ್ತೆ ಅಷ್ಟು. ಈಗ ನಮ್ಮ ಹತ್ತಿರ ಇರುವುದು ಸೆಕೆಂಡಿಗೆ 17 ಕಿಲೋಮೀಟರ್ ಓಡುವ ಬಾಹ್ಯಾಕಾಶ ನೌಕೆ ವಾಯೇಜರ್-1. ಅದೇ ವೇಗದಲ್ಲಿ ಪ್ರಾಕ್ಸಿಮಾ ದೂರ ಕ್ರಮಿಸಲು ಸುಮಾರು 75,000 ವರ್ಷ.

ಪ್ರಶ್ನೆ: ಹೋಗೋದು ಬಿಡಿ ಮೇಡಂ, ನಮ್ಮೂರಿಂದ ಎರಡು ಸೂರ್ಯರನ್ನ ನೋಡಬಹುದಾ? ನಾವು ಬೀದರ್ ಕಡೆಯವರು.

ಉತ್ತರ: ನೋಡಬಹುದು. ಮೇ ಕೊನೆ, ಜೂನ್ ಮೊದಲ ವಾರ, ರಾತ್ರಿ ಹತ್ತರ ಸುಮಾರಿಗೆ ನೇರ ದಕ್ಷಿಣಕ್ಕೆ ತಿರುಗಿ. ಬೆಂಗಳೂರಿನಿಂದ ಆಲ್ಫಾ ಸೆಂಟಾರಿ 16 ಡಿಗ್ರಿ ಎತ್ತರ ಬರುತ್ತದೆ. ನಿಮಗೆ 11 ಡಿಗ್ರಿ ಅಷ್ಟೇ, ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲಕ್ಕಿಂತ ಸ್ವಲ್ಪ ಮೇಲೆ. ದಕ್ಷಿಣಕ್ಕೆ ಮರ, ಕಟ್ಟಡ ಇಲ್ಲದ ಜಾಗ ಹುಡುಕಿ. ಅಕ್ಕಪಕ್ಕ ಎರಡು ಹೊಳೆಯುವ ನಕ್ಷತ್ರ ಕಂಡರೆ ಎಡಗಡೆಯದು ಇದು. ಬರಿಗಣ್ಣಿಗೆ ಒಂದೇ. ಚಿಕ್ಕ ಟೆಲಿಸ್ಕೋಪ್ ಸಿಕ್ಕರೆ ಎರಡಾಗಿ ಕಾಣುತ್ತದೆ. ಮಳೆ ಮೋಡ ಬರುವ ಮೊದಲೇ ನೋಡಿಬಿಡಿ.