ಸಹಾಯ ಬೇಕು: ಕೇಕ್ ಮೇಲಿನ ಬೆಳ್ಳಿ ಮುತ್ತು ಮಕ್ಕಳು ತಿನ್ನಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವಳು, ಮನೆಯಲ್ಲೇ ಆರ್ಡರ್ ಮೇಲೆ ಕೇಕ್ ಮಾಡುತ್ತೇನೆ. ಈ ಭಾನುವಾರ ಒಂದು ಮಗುವಿನ ಮೊದಲ ಹುಟ್ಟುಹಬ್ಬ. ಕೇಕ್ ತುಂಬಾ ಬೆಳ್ಳಿ ಬಣ್ಣದ ಸಕ್ಕರೆ ಮುತ್ತುಗಳೇ ಬೇಕಂತೆ.

ಇಲ್ಲಿನ ಅಂಗಡಿಯಲ್ಲಿ ಸಾದಾ ಡಬ್ಬಿಯಲ್ಲಿ ತುಂಬಿದ ಮುತ್ತು ಸಿಗುತ್ತದೆ. ಮೇಲೆ 'ನಾನ್ ಟಾಕ್ಸಿಕ್', ಅಂದರೆ ವಿಷವಲ್ಲ ಅಂತ ಚೀಟಿ, ಅಷ್ಟೇ. ಏನೇನು ಹಾಕಿದ್ದಾರೆ ಅಂತ ಇಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇಲ್ಲ, ಹಸಿರು ಚುಕ್ಕೆಯೂ ಇಲ್ಲ. ಕೇಳಿದರೆ "ಎಲ್ಲಾರೂ ಒಯ್ತಾರ್ರೀ ಅಕ್ಕಾ, ಏನೂ ಆಗಂಗಿಲ್ಲ" ಅಂದರು. ಮಕ್ಕಳ ಕ್ರಾಫ್ಟ್ ಗ್ಲಿಟರ್ ಮೇಲೂ ಹಾಗೇ ಬರೆದಿರುತ್ತದೆ, ಅದನ್ನು ಯಾರಾದರೂ ತಿನ್ನುತ್ತಾರಾ?

ಸ್ವೀಟ್ ಮೇಲೆ ಹಚ್ಚುವ ತೆಳು ಬೆಳ್ಳಿ ಹಾಳೆಗೆ (ವರ್ಕ್) ನಮ್ಮಲ್ಲಿ ಸಾವಿರಕ್ಕೆ 999 ಶುದ್ಧತೆಯ ನಿಯಮ ಇದೆ. ಅಮೆರಿಕದಲ್ಲಿ ಬೆಳ್ಳಿ ಲೇಪದ ಮುತ್ತು ಅಲಂಕಾರಕ್ಕೆ ಮಾತ್ರ, ತಿನ್ನಲು ಅಲ್ಲ. ಬಿಳಿ ಬಣ್ಣಕ್ಕೆ ಹಾಕುವ ಟೈಟಾನಿಯಂ ಡೈಆಕ್ಸೈಡನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ಆಹಾರದಿಂದ ತೆಗೆಸಿದೆ. ಆದರೆ ಬಣ್ಣಕ್ಕಿಂತ ನನಗೆ ಜಾಸ್ತಿ ಭಯ ಅದರ ಗಟ್ಟಿತನದ್ದು. ಕಲ್ಲಿನ ಹಾಗಿರುತ್ತದೆ. ಒಂದು ವರ್ಷದ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ?

ಲೇಬಲ್ ಸರಿಯಾಗಿರುವ, ಬಾಯಲ್ಲಿ ಕರಗುವ ಮೆತ್ತನೆ ಮುತ್ತು ಯಾರಾದರೂ ಬಳಸಿದ್ದೀರಾ? ಗಂಗಾವತಿ ಅಥವಾ ಹೊಸಪೇಟೆಯಲ್ಲಿ ಸಿಕ್ಕರೂ ಹೋಗಿ ತರುತ್ತೇನೆ. ಇನ್ನೊಂದು ವಿಷಯ, ಆ ಮಗುವಿನ ಮನೆಯವರು ಪಕ್ಕಾ ಸಸ್ಯಾಹಾರಿಗಳು. ಹೊಳಪಿಗೆ ಅರಗಿನ ಹುಳದಿಂದ ಬರುವ ಶೆಲ್ಯಾಕ್, ಅಂದರೆ ಲೇಬಲ್‌ನಲ್ಲಿ 904 ಅಂತ ಬರೆಯುವ ಪದಾರ್ಥ, ಹಾಕಿರಬಾರದು. ಮುತ್ತೇ ಬೇಡ ಅಂತ ಗಿರಾಕಿಗೆ ಬೇಜಾರಾಗದ ಹಾಗೆ ಹೇಳುವುದು ಹೇಗೆ ಅಂತಾನೂ ತಿಳಿಸಿ. ಶುಕ್ರವಾರದೊಳಗೆ ಉತ್ತರ ಸಿಕ್ಕರೆ ಅನುಕೂಲ.