ಇನ್ಶೂರೆನ್ಸ್ ಇಲ್ಲದ ಗಾಡಿ ಗುದ್ದಿದರೆ: ಕಾಸರಗೋಡಿನ ನಮ್ಮ ಗುಂಪಿನ ವಕೀಲರಿಗೆ ಪ್ರಶ್ನೆಗಳು

ಪೆರ್ಲದವರು: ವಕೀಲರೇ, ನಿಲ್ಲಿಸಿದ್ದ ನನ್ನ ಕಾರಿಗೆ ಪಿಕಪ್ ಗುದ್ದಿತು. ಅದಕ್ಕೆ ಇನ್ಶೂರೆನ್ಸ್ ಇಲ್ಲ, ನನ್ನದು ಫುಲ್ ಇನ್ಶೂರೆನ್ಸ್. ಹಾನಿ ನೋಡಲು ಬಂದ ಸರ್ವೇಯರ್ ಫೋಟೋ ತೆಗೆದು ಹೋಗಿ ಎರಡು ತಿಂಗಳಾಯಿತು. ಈಗ ಕಂಪನಿಯವರು "ಗುದ್ದಿದವನ ಹತ್ತಿರವೇ ಕೇಳಿ" ಅನ್ನುತ್ತಾರೆ.

ವಕೀಲರು: ಫುಲ್ ಅಂದರೆ ನಿಮ್ಮ ಕಾರಿನ ಖರ್ಚು ನಿಮ್ಮ ಕಂಪನಿಯದೇ. ಅವನಿಂದ ವಸೂಲಿ ಮಾಡುವುದು ಆಮೇಲೆ ಅವರ ತಲೆನೋವು. ಫೋನ್ ಬಿಡಿ, ದೂರು ವಿಭಾಗಕ್ಕೆ ಈಮೇಲ್ ಹಾಕಿ, ಸರ್ವೇ ರಿಪೋರ್ಟಿನ ಪ್ರತಿ ಕೇಳಿ. ಒಂದು ತಿಂಗಳು ಕಾದರೂ ಉತ್ತರ ಇಲ್ಲದಿದ್ದರೆ ಕಂಪನಿಗಳ ಮೇಲಿನ ದೂರು ವಿಚಾರಿಸುವ ಕೊಚ್ಚಿಯ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಬರೆಯಿರಿ. ಫೀಸು ಇಲ್ಲ, ವಕೀಲನೂ ಬೇಡ.

ಕುಂಬಳೆಯವರು: ನನಗೆ ಬಂಪರಿಗೆ ಅರ್ಧ ದುಡ್ಡೇ ಕೊಟ್ಟದ್ದು. ಯಾಕೆ?

ವಕೀಲರು: ಪ್ಲಾಸ್ಟಿಕ್ಕಿಗೆ 50% ಸವಕಳಿ ಅಂತ ಕಳೆಯುತ್ತಾರೆ. ಸವಕಳಿ ಕಳೆಯದ ಜೀರೋ ಡೆಪ್ ನೀವು ತೆಗೆದಿರಲಿಕ್ಕಿಲ್ಲ.

ಉಪ್ಪಳದ ಅಕ್ಕ: ನಮ್ಮವರು ಬೆಳಿಗ್ಗೆ ಸೊಸೈಟಿಗೆ ಹಾಲು ಕೊಡಲು ನಡೆದು ಹೋಗುವಾಗ ಬೈಕ್ ಗುದ್ದಿತು. ಹಾಲಿನ ಕ್ಯಾನ್ ಚಪ್ಪಟೆ, ಕಾಲಿಗೆ ಮಂಗಳೂರಿನಲ್ಲಿ ರಾಡ್ ಹಾಕಿದ್ದಾರೆ. ಇನ್ಶೂರೆನ್ಸ್ ಮುಗಿದಿದೆ ಅಂತ ಬೈಕಿನವನು ಹೇಳಿದ. 10,000 ಕೊಟ್ಟು "ಇನ್ನು ತಕರಾರಿಲ್ಲ" ಅಂತ ಮುದ್ರಪತ್ರಕ್ಕೆ (ಸ್ಟಾಂಪ್ ಪೇಪರಿಗೆ) ಸೈನ್ ಹಾಕಿಸಿಕೊಂಡ. ಉಳಿದದ್ದು ಇವತ್ತು ನಾಳೆ ಅನ್ನುತ್ತಿದ್ದಾನೆ.

ವಕೀಲರು: ಅಕ್ಕ, ಅಪಘಾತ ಆದ ತಾರೀಕು? ಬೈಕ್ ಯಾವ ವರ್ಷದ್ದು?

ಮುಳ್ಳೇರಿಯದವರು: ಗುದ್ದಿದ ಗಾಡಿ ಗೊತ್ತಿಲ್ಲ ಅಂತ ಬರೆಸಿ ಅಕ್ಕ, ಸರಕಾರದಿಂದ 2 ಲಕ್ಷ ಸಿಗುತ್ತದೆ.

ವಕೀಲರು: ದಯವಿಟ್ಟು ಸುಮ್ನಿರಿ. 2 ಲಕ್ಷ ಸತ್ತರೆ. ತೀವ್ರ ಗಾಯಕ್ಕೆ 50,000, ಅದೂ ಗಾಡಿ ಪತ್ತೆಯೇ ಆಗದಿದ್ದರೆ. ಇಲ್ಲಿ ಬೈಕೂ ಗೊತ್ತು, ಆಳೂ ಗೊತ್ತು. ಸುಳ್ಳು ಬರೆಸಿದರೆ ಕೇಸು ಅಕ್ಕನ ಮೇಲೆ.

ಉಪ್ಪಳದ ಅಕ್ಕ: ಬೈಕ್ ತೆಗೆದು ಮೂರು ವರ್ಷ ಅಂತೆ. ಅಪಘಾತ ಆದದ್ದು ಮಳೆಗಾಲದ ಮುಂಚೆ.

ವಕೀಲರು: ಮೂರೇ ವರ್ಷವಾ! ಹಾಗಾದರೆ ಅವನ ಮಾತು ನಂಬಬೇಡಿ. 2018ರ ಸೆಪ್ಟೆಂಬರಿನಿಂದ ಹೊಸ ಬೈಕ್ ಮಾರುವಾಗಲೇ 5 ವರ್ಷದ ಥರ್ಡ್ ಪಾರ್ಟಿ, ಅಂದರೆ ಗುದ್ದಿಸಿಕೊಂಡವರಿಗೆ ಕೊಡುವ ಇನ್ಶೂರೆನ್ಸ್, ಕಡ್ಡಾಯ. ಸಾಮಾನ್ಯವಾಗಿ ಒಂದು ವರ್ಷಕ್ಕೆ ಮುಗಿಯುವುದು ಬೈಕಿನ ಸ್ವಂತ ಹಾನಿಯ ಭಾಗ. ಅದನ್ನೇ ನೋಡಿ "ಮುಗಿದಿದೆ" ಅನ್ನುವವರು ಜಾಸ್ತಿ. ನಂಬರ್ ಹಾಕಿ ಸರಕಾರದ ಆ್ಯಪ್ ಎಂಪರಿವಾಹನ್‌ನಲ್ಲಿ ನೋಡಿ, ಸ್ಟೇಷನ್ನಿನಲ್ಲೂ ಪಾಲಿಸಿಯ ಪ್ರತಿ ಕೇಳಿ. ಪಾಲಿಸಿ ಇದ್ದರೆ ಕಂಪನಿಯನ್ನೂ ಸೇರಿಸಿ ಕಾಸರಗೋಡಿನ ಎಂಎಸಿಟಿಯಲ್ಲಿ (ಅಪಘಾತ ಪರಿಹಾರದ ಕೋರ್ಟು) ಅರ್ಜಿ. ಇಲ್ಲದಿದ್ದರೂ ಬೈಕ್ ಓಡಿಸಿದವನು, ಆರ್‌ಸಿಯಲ್ಲಿ ಹೆಸರಿರುವವನು ಇಬ್ಬರ ಮೇಲೂ ಹಾಕಬಹುದು. ತೀರ್ಪಾದ ಮೇಲೂ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿ ವಸೂಲಿ ಮಾಡುತ್ತಾರೆ. ನಿಧಾನ, ಆದರೂ ದಾರಿ ಉಂಟು. ಆ ಮುದ್ರಪತ್ರಕ್ಕೆ ಹೆದರಬೇಡಿ. 10,000 ಬಂದದ್ದನ್ನು ಮಾತ್ರ ಮುಚ್ಚಿಡಬೇಡಿ. ಅರ್ಜಿಗೆ ಕಾನೂನಿನಲ್ಲಿ ಅಪಘಾತದ ದಿನದಿಂದ 6 ತಿಂಗಳು. ಆ ಗಡುವಿನ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಕೇಸಿದೆ, ಅದನ್ನು ನಂಬಿ ಕೂರುವುದು ಬೇಡ. ತಾರೀಕು ಹೇಳಿ.

ಸೀತಾಂಗೋಳಿಯವರು: "ಮೂರು ವರ್ಷ ಐಟಿ ರಿಟರ್ನ್ ಹಾಕಿದವರು ಅಪಘಾತದಲ್ಲಿ ಸತ್ತರೆ ಸರಕಾರ ಆದಾಯದ ಹತ್ತು ಪಟ್ಟು ಕೊಡುತ್ತದೆ." ಎಲ್ಲರಿಗೂ ಕಳಿಸಿ 🙏

ವಕೀಲರು: ಸುಳ್ಳು. ರಿಟರ್ನ್ ಬರೀ ಆದಾಯಕ್ಕೆ ದಾಖಲೆ. ಸರಕಾರ ಹಾಗೆಲ್ಲ ಕೊಡುವುದಿಲ್ಲ. ಎಷ್ಟನೇ ಸಲ ಇದು?

ಉಪ್ಪಳದ ಅಕ್ಕ: ಎಫ್‌ಐಆರ್ ಮಲಯಾಳದಲ್ಲಿ ಉಂಟು. ನನಗೆ ಓದಲು ಬರುವುದಿಲ್ಲ.

ಮಂಜೇಶ್ವರದವರು: ಕನ್ನಡದಲ್ಲಿ ಕೊಡಿ ಅಂತ ಕೇಳಬೇಕಿತ್ತು. ನಮ್ಮ ಹಕ್ಕು.

ಬದಿಯಡ್ಕದವರು: ಹಕ್ಕು ಸರಿ ಮಾರಾಯ್ರೆ, ಅಷ್ಟರಲ್ಲಿ ಅಕ್ಕನ ಗಡುವು ದಾಟುತ್ತದೆ. ಇಲ್ಲಿದ್ದು ನಾಲ್ಕಕ್ಷರ ಕಲಿತರೆ ಎಂತ ನಷ್ಟ?

ಮಂಜೇಶ್ವರದವರು: ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಉಪದೇಶ ಕೇಳುತ್ತಿದ್ದೇವೆ. ನೀವು ಯಾರ ಪರ?

ಬದಿಯಡ್ಕದವರು: ಕಾಲು ಮುರಿದವರ ಪರ.

ಹೊಸಂಗಡಿಯವರು: ನನಗೆ ಗುದ್ದಿದ್ದು ತೊಕ್ಕೊಟ್ಟಿನಲ್ಲಿ. ಕೇಸಿಗೆ ಮಂಗಳೂರಿಗೇ ಹೋಗಬೇಕಾ?

ವಕೀಲರು: ಬೇಡ. ನೀವು ವಾಸ ಇರುವ ಕಡೆಯೂ ಹಾಕಬಹುದು.

ಕುಂಬಳೆಯವರು: ಸರ್, ನನ್ನ ಬಂಪರ್...

ವಕೀಲರು: ಮೇಲೆ ಬರೆದಿದ್ದೇನೆ.

ಪೈವಳಿಕೆಯವರು: ನನ್ನ ರಿಕ್ಷಾಕ್ಕೆ ಕೇರಳದ ಪರ್ಮಿಟ್. ತಲಪಾಡಿಯಲ್ಲಿ ಕರ್ನಾಟಕದ ಗಡಿ ದಾಟಿದ ಮೇಲೆ ಅಪಘಾತ ಆದರೆ?

ಮಂಜೇಶ್ವರದವರು: ಮೊದಲು ಬದಿಯಡ್ಕದವರು ಕ್ಷಮೆ ಕೇಳಲಿ.

ವಕೀಲರು: ನಿಮ್ಮ ಜಗಳ ಬೇರೆ ಎಲ್ಲಾದರೂ ಇಟ್ಟುಕೊಳ್ಳಿ. ಉಪ್ಪಳದ ಅಕ್ಕ, ಎಫ್‌ಐಆರ್‌ನ ಫೋಟೋ ನನಗೆ ಹಾಕಿ, ನಾನು ಓದುತ್ತೇನೆ. ತಾರೀಕು ಇನ್ನೂ ಹೇಳಿಲ್ಲ ನೀವು.