ಶಿಖರದ ಮೇಲೆ ಗಿಡ ಜಾಸ್ತಿ ಆದರೆ ಒಳ್ಳೇದೇ ಅಲ್ವಾ?

ಪ್ರಶ್ನೆ: ಮೇಡಂ, ಹವಾಮಾನ ಬಿಸಿಯಾಗಿ ಆಲ್ಪೈನ್ ಗಿಡಗಳು, ಅಂದರೆ ಮರ ಬೆಳೆಯದಷ್ಟು ಎತ್ತರದಲ್ಲಿರುವ ಪುಟ್ಟ ಗಿಡಗಳು, ಬೆಟ್ಟ ಹತ್ತುತ್ತಿವೆ ಎಂದು ಓದಿದೆ. ಬೇರು ಬಿಟ್ಟ ಗಿಡ ಹತ್ತುವುದು ಹೇಗೆ? ಶಿಖರಗಳಲ್ಲಿ ಮೊದಲಿಗಿಂತ ಜಾಸ್ತಿ ಬಗೆಯ ಗಿಡಗಳು ಸಿಗುತ್ತಿವೆಯಂತೆ. ಹಾಗಿದ್ದರೆ ಚಿಂತೆ ಯಾಕೆ?

ಉತ್ತರ (ಸಸ್ಯವಿಜ್ಞಾನಿ): ಗಿಡ ಇದ್ದಲ್ಲೇ ಇರುತ್ತದೆ, ಓಡಾಡುವುದು ಬೀಜ. ಗಾಳಿಗೆ ಹಾರಿಯೋ, ಪ್ರಾಣಿಯ ಕೂದಲಿಗೆ ಅಂಟಿಯೋ ಬೀಜಗಳು ಮೊದಲಿನಿಂದಲೂ ಮೇಲೆ ಹೋಗಿ ಬೀಳುತ್ತಿದ್ದವು. ಮೊಳೆತರೂ ಚಳಿಗೆ ಸಾಯುತ್ತಿದ್ದವು. ಈಗ ಕೆಲವು ಬದುಕಿಕೊಳ್ಳುತ್ತಿವೆ. ಕೆಳಗಿನ ಅಂಚಿನಲ್ಲಿ ಮುದಿ ಗಿಡ ಸತ್ತರೆ ಆ ಜಾಗಕ್ಕೆ ಅದರ ಮರಿ ಬರುವುದಿಲ್ಲ. ಹತ್ತಾರು ವರ್ಷ ಹೀಗೇ ನಡೆದರೆ ಇಡೀ ಜಾತಿಯೇ ಬೆಟ್ಟ ಹತ್ತಿದ ಹಾಗೆ ಕಾಣುತ್ತದೆ. 100 ಮೀಟರ್ ಮೇಲೆ ಹೋದರೆ ಗಾಳಿ ಸುಮಾರು 0.6 ಡಿಗ್ರಿ ತಣ್ಣಗಾಗುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಹಳೇ ಚಳಿ ಸಿಗಲು 160 ಮೀಟರ್ ಆಸುಪಾಸು ಹತ್ತಬೇಕು.

ಇನ್ನು ಆ "ಜಾಸ್ತಿ" ವಿಷಯ. ಸ್ವಿಟ್ಜರ್ಲೆಂಡಿನ ಪಿಟ್ಸ್ ಲಿನಾರ್ಡ್ ಶಿಖರ 3,410 ಮೀಟರ್ ಎತ್ತರದ್ದು. 1835ರಲ್ಲಿ ಓಸ್ವಾಲ್ಡ್ ಹೀರ್ ಎಂಬ ಸ್ವಿಸ್ ಸಸ್ಯವಿಜ್ಞಾನಿ ಅಲ್ಲಿಗೆ ಹತ್ತಿದಾಗ ತುದಿಯಲ್ಲಿ ಸಿಕ್ಕಿದ್ದು ಒಂದೇ ಹೂಗಿಡ, ಆಂಡ್ರೊಸೇಸ್ ಆಲ್ಪಿನಾ. 2011ರ ಎಣಿಕೆಯಲ್ಲಿ 16 ಜಾತಿ. ಯುರೋಪಿನ 302 ಶಿಖರಗಳ ಹಳೇ ದಾಖಲೆಗಳನ್ನು ಹೊಸ ಎಣಿಕೆಯ ಪಕ್ಕ ಇಟ್ಟು ನೋಡಿದಾಗ 87% ಶಿಖರಗಳಲ್ಲಿ ಜಾತಿಗಳು ಹೆಚ್ಚಿದ್ದವು. 2007ರಿಂದ 2016ರ ಹತ್ತು ವರ್ಷಗಳಲ್ಲಿ ಸೇರಿಕೊಂಡ ಜಾತಿಗಳು 1957–1966ರಲ್ಲಿ ಸೇರಿದ್ದಕ್ಕಿಂತ ಐದು ಪಟ್ಟು.

ಲೆಕ್ಕ ಸರಿಯೇ. ಬಂದವರು ಯಾರು ಅನ್ನೋದನ್ನೂ ನೋಡಬೇಕಲ್ಲ? ಹೆಚ್ಚಿನವು ಕೆಳಗಿನ ಹುಲ್ಲುಗಾವಲಿನವು. ಎತ್ತರ ಬೆಳೆಯುತ್ತವೆ, ಬೇಗ ಬೆಳೆಯುತ್ತವೆ. ಮೇಲಿನ ಹಳಬರನ್ನು ನೋಡಬೇಕೆಂದರೆ ಮಂಡಿಯೂರಿ ಕೂರಬೇಕು. ಸೈಲೀನ್ ಅಕೌಲಿಸ್ ಎಂಬ ಗಿಡ ಬಂಡೆಗೆ ಅಂಟಿದ ಹಸಿರು ದಿಂಬಿನ ಹಾಗಿರುತ್ತದೆ. ಮೇಲೆ ಗುಂಡುಸೂಜಿ ಚುಚ್ಚಿದಂತೆ ಗುಲಾಬಿ ಹೂಗಳು. ಬಿಸಿಲಿದ್ದಾಗ ಬೆರಳಿಟ್ಟರೆ, ಸುತ್ತಲಿನ ಗಾಳಿ ಕೊರೆಯುತ್ತಿದ್ದರೂ ದಿಂಬು ಬೆಚ್ಚಗಿರುತ್ತದೆ. ಅಂಗೈಯಗಲ ಹರಡಲು ಅದಕ್ಕೆ ಹತ್ತಾರು ವರ್ಷ ಬೇಕು. ಇಂಥ ಗಿಡಗಳು ಎಂಥ ಚಳಿಯನ್ನೂ ತಡೆಯುತ್ತವೆ, ಪಕ್ಕದವರ ನೆರಳನ್ನು ತಡೆಯಲಾರವು. ಇಷ್ಟು ದಿನ ಚಳಿಯೇ ಅವುಗಳ ಬೇಲಿಯಾಗಿತ್ತು. ಈಗ ಬೇಲಿ ಬೀಳುತ್ತಿದೆ.

ಸ್ವಿಟ್ಜರ್ಲೆಂಡಿನಲ್ಲೇ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2015ರಲ್ಲಿ ಬಂತು. ಎತ್ತರದ ಗಿಡಗಳನ್ನು ಬೆಚ್ಚಗಿನ ಜಾಗಕ್ಕೆ ತಂದು ನೆಟ್ಟರು. ತಮ್ಮ ಹಳೇ ನೆರೆಹೊರೆಯ ಜೊತೆ ಹೇಗೋ ನಿಭಾಯಿಸಿದವು. ಕೆಳಗಿನ ಊರಿನ ಹೊಸ ಗಿಡಗಳ ನಡುವೆ ನೆಟ್ಟಾಗ ಸೊರಗಿದವು. ನನ್ನ ಪ್ರಕಾರ ಬಿಸಿಗಿಂತ ದೊಡ್ಡ ತಲೆನೋವು ಈ ಹೊಸ ನೆರೆಯವರದ್ದೇ.

ಪ್ರಶ್ನೆ: ಹಾಗಾದರೆ ಹಳಬರು ಇಷ್ಟೊತ್ತಿಗೆ ಮಾಯವಾಗಿರಬೇಕಿತ್ತಲ್ವಾ ಮೇಡಂ?

ಉತ್ತರ: ಆಯಸ್ಸು ಜಾಸ್ತಿ ಇರುವ ಗಿಡಗಳು ಅವು. ಹೊಸ ಸಸಿ ಹುಟ್ಟದೆ ಇದ್ದರೂ ಮುದುಕರು ಸುಮಾರು ಕಾಲ ನಿಂತಿರುತ್ತಾರೆ. ಎಣಿಸುವವರ ಪಟ್ಟಿಯಲ್ಲಿ ಹೆಸರೂ ಉಳಿದಿರುತ್ತದೆ. ಸಾಲ ಮಾಡಿ ಸಂಸಾರ ನಡೆಸಿದ ಹಾಗೆ. ಹಾಗಾಗಿ ಬಂದವರ ಲೆಕ್ಕ ಮೊದಲು ಸಿಗುತ್ತದೆ, ಹೋದವರದ್ದು ತಡವಾಗಿ. ಆಸ್ಟ್ರಿಯಾದ ಶ್ರಾಂಕೋಗೆಲ್ ಬೆಟ್ಟದಲ್ಲಿ ಇದನ್ನು ಹತ್ತಿರದಿಂದ ನೋಡಿದ್ದಾರೆ. ಒಂದು ಮೀಟರ್ ಚೌಕದ ಚೌಕಟ್ಟು ನೆಲಕ್ಕಿಟ್ಟು, ಒಳಗೆ ಯಾವ ಗಿಡ ಎಷ್ಟು ಜಾಗ ಹಿಡಿದಿದೆ ಎಂದು ಬರೆದುಕೊಳ್ಳುವುದು. ವರ್ಷಗಳಾದ ಮೇಲೆ ಅದೇ ಚೌಕಕ್ಕೆ ವಾಪಸ್ ಬರುವುದು. ಬೆನ್ನು ಹಿಡಿದುಕೊಳ್ಳುವ ಕೆಲಸ, ಅನುಭವದಿಂದ ಹೇಳ್ತೀನಿ. 1994ರಿಂದ 2004ರ ನಡುವೆ ಅಲ್ಲಿ ಜಾತಿಗಳ ಸಂಖ್ಯೆ ಏರಿತು, ಆದರೆ ತೀರಾ ಚಳಿ ಬಯಸುವ ಗಿಡಗಳು ಹಿಡಿದಿದ್ದ ಜಾಗ ಕುಗ್ಗಿತು. ಬರೀ ಹೆಸರು ಎಣಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಪ್ರಶ್ನೆ: ಎಲ್ಲ ಗಿಡಗಳೂ ಮೇಲಕ್ಕೇ ಹೋಗುತ್ತವಾ? ಹಿಮಾಲಯದಲ್ಲಿ ಯಾರಾದರೂ ನೋಡಿದ್ದಾರಾ?

ಉತ್ತರ: ಹಿಮಾಲಯದ್ದು ಮೊದಲು. ಜೋಸೆಫ್ ಹೂಕರ್ ಎಂಬ ಬ್ರಿಟಿಷ್ ಸಸ್ಯವಿಜ್ಞಾನಿ 1849–50ರಲ್ಲಿ ಸಿಕ್ಕಿಂನಲ್ಲಿ ಯಾವ ಗಿಡ ಎಷ್ಟು ಎತ್ತರದಲ್ಲಿತ್ತು ಎಂದು ಬರೆದಿಟ್ಟಿದ್ದರು. ಆ ದಾಖಲೆ ಹಿಡಿದು ಅಲ್ಲಿನ 124 ಜಾತಿಗಳನ್ನು ಮತ್ತೆ ಹುಡುಕಿದಾಗ 87% ಜಾತಿಗಳ ನೆಲೆ ಸರಿದಿತ್ತು.

ಎಲ್ಲವೂ ಮೇಲಕ್ಕೇ ಹೋಗಬೇಕೆಂದೇನಿಲ್ಲ. ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಹಲವು ಗಿಡಗಳು ಕೆಳಕ್ಕೆ ಇಳಿದಿವೆ, ಅಲ್ಲಿ ನೀರೇ ಮುಖ್ಯವಾಯಿತು. ಮೆಡಿಟರೇನಿಯನ್ ಶಿಖರಗಳಲ್ಲೂ ಒಣ ಬೇಸಿಗೆಯಿಂದಾಗಿ 2001–2008ರಲ್ಲಿ ಜಾತಿಗಳ ಸಂಖ್ಯೆ ಏರಲಿಲ್ಲ, ಕೆಲವೆಡೆ ಇಳಿಯಿತು. ಹಿಮ ಬೇಗ ಕರಗುವುದೂ ಒಂದು ಪೇಚು. ಹಿಮದ ಹೊದಿಕೆ ಹೋದಮೇಲೆ ಒಂದು ರಾತ್ರಿ ಗಟ್ಟಿ ಚಳಿ ಬಿದ್ದರೆ ಮೊಗ್ಗೆಲ್ಲ ಸುಟ್ಟು ಹೋಗುತ್ತದೆ. ಬಿಸಿಯಾದ ವರ್ಷದಲ್ಲಿ ಚಳಿಗೆ ಸಾಯುವುದು!

ಸಮಾಧಾನದ ವಿಷಯ ಒಂದಿದೆ. ಬೆಟ್ಟದ ನೆಲ ಉಬ್ಬುತಗ್ಗು. ಒಂದೇ ಬಂಡೆಯ ಬಿಸಿಲ ಕಡೆಗೂ ನೆರಳ ಕಡೆಗೂ ಹಲವು ಡಿಗ್ರಿ ವ್ಯತ್ಯಾಸ ಇರುತ್ತದೆ. ಕೆಲವು ಗಿಡಗಳಿಗೆ 160 ಮೀಟರ್ ಹತ್ತುವ ಬದಲು ಬಂಡೆಯ ಆಚೆ ಬದಿಗೆ ಎರಡು ಮೀಟರ್ ಸರಿದರೂ ಸಾಕಾಗಬಹುದು. ಅಲ್ಲಿ ಮೊಳೆಯಲು ಒಂದಿಷ್ಟು ಮಣ್ಣಿರಬೇಕು, ಅಷ್ಟೇ.

ಪ್ರಶ್ನೆ: ಟ್ರೆಕ್ಕಿಂಗ್‌ನಲ್ಲಿ ನಾನು ತೆಗೆದ ಹೂವಿನ ಫೋಟೋ ಕೆಲಸಕ್ಕೆ ಬರುತ್ತಾ?

ಉತ್ತರ: ಖಂಡಿತ. ದಿನಾಂಕ, ಜಾಗ, ಎತ್ತರ ಮೂರೂ ಬರೆದಿಡಿ. ಹೂವಿನದ್ದೊಂದು ಫೋಟೋ, ಎಲೆ ಮತ್ತು ಸುತ್ತಲಿನ ನೆಲ ಕಾಣುವಂಥದ್ದು ಇನ್ನೊಂದು. ಬೂಟಿನ ಅಡಿಯ ಮಣ್ಣನ್ನು ಬೆಟ್ಟದ ಬುಡದಲ್ಲೇ ಕೆರೆದು ಹೋಗಿ. ಬೀಜಗಳಿಗೆ ಅದೂ ಒಂದು ಬಸ್ಸು.